ಬಿಎಲ್‌ಡಿಸಿ ಫ್ಯಾನ್ ಕೊಳ್ಳುತ್ತಿದ್ದೀರಾ? ಎಷ್ಟು ವಾಟ್ ಅಂತ ಕೇಳಿದರಷ್ಟೇ ಸಾಲದು, ಇದನ್ನೂ ಕೇಳಿ!

ಐರೋಲಿ: ಥಾಣೆ ಖಾಡಿಯ ಪಕ್ಕದಲ್ಲಿರುವ ನವಿ ಮುಂಬೈನ ಐರೋಲಿಯಂಥ ಕಡೆ ರಾತ್ರಿಯಿಡೀ ಫ್ಯಾನ್ ಬೇಕೇ ಬೇಕು. ಬಿಲ್ ಉಳಿಸಲೆಂದು ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ ಮೇಲೆ, ಕಡಿಮೆ ವೇಗದಲ್ಲಿ 'ಗುಂಯ್' ಎಂಬ ಸದ್ದು ನಿದ್ದೆ ಕೆಡಿಸಿದರೆ? ಮೋಟಾರನ್ನು ಓಡಿಸುವ ಪಿಡಬ್ಲ್ಯುಎಂ ವಿಧಾನವೂ ಇದಕ್ಕೆ ಕಾರಣವಾಗಿರಬಹುದು.

ಉಳಿತಾಯ ಎಷ್ಟು?

ಹಳೆಯ ಫ್ಯಾನ್ ಸುಮಾರು 75 ವಾಟ್ ಎಳೆದರೆ, ಬಿಎಲ್‌ಡಿಸಿ ಫ್ಯಾನ್‌ಗೆ 30 ವಾಟ್ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯವಾದ್ದರಿಂದ ಈ ಲೆಕ್ಕ ಡಬ್ಬದ ಮೇಲೆಯೇ ಸಿಗುತ್ತದೆ. ಆದರೆ ಸದ್ದಿನ ಲೆಕ್ಕ ಅಲ್ಲಿರುವುದಿಲ್ಲ.

ಏನಿದು ಪಿಡಬ್ಲ್ಯುಎಂ?

ಫ್ಯಾನ್ ಒಳಗಿನ ಸರ್ಕ್ಯೂಟ್ ಬೋರ್ಡ್ ಸೆಕೆಂಡಿಗೆ ಸಾವಿರಾರು ಬಾರಿ ಕರೆಂಟನ್ನು ಆನ್-ಆಫ್ ಮಾಡುತ್ತದೆ. ಆನ್ ಇರುವ ಹೊತ್ತು ಹೆಚ್ಚಿದಂತೆ ವೇಗವೂ ಹೆಚ್ಚುತ್ತದೆ. ಇದೇ ಪಿಡಬ್ಲ್ಯುಎಂ. ಈ ಕರೆಂಟನ್ನು ಮೋಟಾರಿನ ಮೂರು ಸುರುಳಿಗಳಿಗೆ ಹಂಚಲು ಮುಖ್ಯವಾಗಿ ಮೂರು ವಿಧಾನಗಳಿವೆ.

* ಸಿಕ್ಸ್-ಸ್ಟೆಪ್: ಒಮ್ಮೆಗೆ ಎರಡೇ ಸುರುಳಿಗಳಿಗೆ ಕರೆಂಟ್. ಅಗ್ಗ, ಸರಳ. ಆದರೆ ಜೋಡಿ ಬದಲಾದಾಗಲೆಲ್ಲ ಸಣ್ಣ ಜರ್ಕ್, ಅದೇ ಸದ್ದಾಗುತ್ತದೆ. ಪಂಪ್, ಡ್ರಿಲ್‌ಗಳಿಗೆ ಇದು ಸಾಕು.

* ಸೈನ್ ವೇವ್: ಮೂರೂ ಸುರುಳಿಗಳಿಗೆ ಅಲೆಯಂತೆ ಏರಿಳಿಯುವ ಕರೆಂಟ್. ಓಟ ನಯ, ಸದ್ದು ಕಡಿಮೆ.

* ಎಫ್‌ಒಸಿ: ರೋಟರ್ ಎಲ್ಲಿದೆ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಕರೆಂಟ್ ಕೊಡುತ್ತದೆ. ಭಾರ ಏರಿಳಿಯುವ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಹೆಚ್ಚು ಸೂಕ್ತ. ಚಿಪ್ ಮತ್ತು ಸಾಫ್ಟ್‌ವೇರ್ ಖರ್ಚು ಹೆಚ್ಚು.

ಆನ್-ಆಫ್ ವೇಗವೂ ಮುಖ್ಯ

ಮನುಷ್ಯನ ಕಿವಿಗೆ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿಸುತ್ತದೆ. ಆನ್-ಆಫ್ ವೇಗ ಅದಕ್ಕಿಂತ ಕಡಿಮೆಯಿದ್ದರೆ ಸಣ್ಣ ಸಿಳ್ಳೆಯಂಥ ದನಿ ಬರಬಹುದು. ತೀರಾ ಹೆಚ್ಚಿಸಿದರೆ ಬೋರ್ಡ್ ಬಿಸಿಯಾಗಿ ಒಂದಿಷ್ಟು ವಿದ್ಯುತ್ ಅಲ್ಲೇ ವ್ಯರ್ಥ. ಇವೆರಡರ ನಡುವೆ ಹದ ಹುಡುಕುವುದೇ ತಯಾರಕರ ಸವಾಲು.

ಹಾಗಾದರೆ ನೀವೇನು ಮಾಡಬೇಕು?

ಮಲಗುವ ಕೋಣೆಗಾದರೆ ಸೈನ್ ವೇವ್ ಅಥವಾ ಎಫ್‌ಒಸಿ ಇದೆಯೇ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಫ್ಯಾನನ್ನು 1ನೇ ಸ್ಪೀಡ್‌ನಲ್ಲಿ ಓಡಿಸಿ ಕಿವಿಗೊಟ್ಟು ಕೇಳಿ. ಹೆಚ್ಚು ಸ್ಪೀಡ್‌ನಲ್ಲಿ ಗಾಳಿಯ ಸದ್ದೇ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಕಿಸುವಾಗ ಗೋಡೆಯ ಹಳೆಯ ರೆಗ್ಯುಲೇಟರ್ ತೆಗೆಸುವುದನ್ನೂ ಮರೆಯಬೇಡಿ. ಅದು ಬಿಎಲ್‌ಡಿಸಿ ಬೋರ್ಡ್‌ಗೆ ಹೊಂದುವುದಿಲ್ಲ.