ನಾಳೆಯ ದೋಸೆ ಇವತ್ತೇ ಶುರು

ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನ ರೆಸ್ಯೂಮೆಯಲ್ಲಿ ‘ಟೈಮ್ ಮ್ಯಾನೇಜ್‌ಮೆಂಟ್ ಗೊತ್ತು’ ಎಂಬ ಸಾಲೊಂದಿದೆ. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಮ್ಮ ಕೈ ಉಳುಕಿಸಿಕೊಂಡು ನಾಲ್ಕು ದಿನ ಮನೆಯಲ್ಲಿ ಕೂತಾಗ ಅದರ ಬಣ್ಣ ಬಯಲಾಯಿತು. ‘ಅಡುಗೆ ನಾನು ನೋಡ್ಕೋತೀನಿ ಬಿಡಮ್ಮ’ ಅಂತ ಧೈರ್ಯವಾಗಿಯೇ ಹೇಳಿದ್ದೆ.

3 ಲೋಟ ದೋಸೆ ಅಕ್ಕಿಗೆ 1 ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ. ಲೆಕ್ಕವೇನೋ ಯೂಟ್ಯೂಬ್‌ನಲ್ಲಿ ಸಿಕ್ಕಿತು. ಆದರೆ ಕನಿಷ್ಠ ನಾಲ್ಕೈದು ಗಂಟೆ ನೆನೆಸಬೇಕು, ರುಬ್ಬಿದ ಮೇಲೆ ರಾತ್ರಿಯಿಡೀ ಹುದುಗು ಬರಲು ಬಿಡಬೇಕು. ಅಂದರೆ ನಾಳೆಯ ತಿಂಡಿ ಇವತ್ತು ಬೆಳಿಗ್ಗೆ, ಅಮ್ಮ ವ್ಯಾನ್ ಹತ್ತುವ ಮೊದಲೇ ಶುರುವಾಗಿರುತ್ತಿತ್ತು! ನನಗೆ ನೆನಪಾಗಿದ್ದು ರಾತ್ರಿ ಹತ್ತಕ್ಕೆ. ಅಮ್ಮ ಬೈಯಲಿಲ್ಲ. ‘ಅವಲಕ್ಕಿ ಇದೆಯಲ್ಲೋ, ಬೆಳಿಗ್ಗೆ ಒಗ್ಗರಣೆ ಹಾಕು’ ಅಂದಳು. ನಮ್ಮನೆ ಡಬ್ಬಿಯಲ್ಲಿ ಅವಲಕ್ಕಿ ಯಾವತ್ತೂ ಖಾಲಿಯಾಗದಿರುವುದು ಯಾಕೆಂದು ಆಗ ತಿಳಿಯಿತು.

ಐದನೇ ದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಹೊರಟಳು. ರಜೆ ಬೆಳೆದಷ್ಟೂ ಸಂಬಳ ಕಟ್, ತಂಗಿಯ ಫೀಸ್ ಬೇರೆ ಬಾಕಿ. ದುಡಿಮೆಯಿಲ್ಲದ ನಾನು ಏನೆಂದು ತಡೆಯಲಿ? ಅಕ್ಕಿ, ಉದ್ದು ಅಳೆದು ನೆನೆಹಾಕಿದೆ. ಪೇಪರ್ ಓದುತ್ತಿದ್ದ ಅಪ್ಪ ‘ಒಂದು ಕಾಫಿ’ ಎಂದರು. ಕಾಫಿಪುಡಿ ಡಬ್ಬಿ ಎಲ್ಲಿದೆ ಅಂತ ತೋರಿಸಿದೆ.