ಪೀಠಿಕೆ ಬಾಯಿಪಾಠ, ಪಂಚಾಯಿತಿ ನಾಪತ್ತೆ

ಮೈಸೂರಿನಿಂದ ನಂಜನಗೂಡಿನ ಹೆದ್ದಾರಿ ಹಿಡಿದರೆ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಸಿಗುತ್ತದೆ. 1,740 ಮೀಟರ್ ಇರುವ ಅದರ ರನ್‌ವೇಯನ್ನು 2,750 ಮೀಟರ್‌ಗೆ ಹಿಗ್ಗಿಸುವ ಯೋಜನೆ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಅದಕ್ಕೆ ಜಮೀನು ಬೇಕು, ಹೆದ್ದಾರಿಗೂ ಬೇರೆ ದಾರಿ ಹುಡುಕಬೇಕು. ಯಾರ ಜಮೀನು, ತೀರ್ಮಾನ ಯಾರದ್ದು, ಒಪ್ಪದವರು ಯಾರ ಬಳಿ ಹೋಗಬೇಕು? ಹದಿನಾಲ್ಕು ವರ್ಷದ ಹುಡುಗಿಗೆ ಸಂವಿಧಾನ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಗದು. ಆದರೆ ಇಂಥ ಪ್ರಶ್ನೆಯನ್ನು ಎದ್ದು ನಿಂತು ಕೇಳಬಹುದಾದ ಜಾಗಗಳು ನಗರದ ಅಂಚಿನ ಊರುಗಳಲ್ಲಿ ಒಂದೊಂದಾಗಿ ಮುಚ್ಚಿಕೊಳ್ಳುತ್ತಿವೆ. ಇದರ ಪರಿಣಾಮ ಈಗಲೇ ಕಾಣುವಂಥದ್ದಲ್ಲ, ಈ ಮಕ್ಕಳು ಮತದಾರರಾಗುವ ಹೊತ್ತಿಗೆ ಕಾಣುತ್ತದೆ.

ಶಾಲೆಯೊಳಗೆ ಸಂವಿಧಾನಕ್ಕೆ ಬರವಿದೆ ಎಂದು ನಾನು ಹೇಳುತ್ತಿಲ್ಲ. ಶಾಲೆ ಕಾಲೇಜುಗಳಲ್ಲಿ ಪೀಠಿಕೆ ಓದಿಸುವುದನ್ನು ಕಡ್ಡಾಯ ಮಾಡಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಅದೇ ವರ್ಷದ ಸೆಪ್ಟೆಂಬರ್ 15ರಂದು ರಾಜ್ಯದುದ್ದಕ್ಕೂ ಸಾಮೂಹಿಕ ಓದು ನಡೆಯಿತು. ಮರುವರ್ಷ ಅದೇ ದಿನ ಬೀದರ್‌ನಿಂದ ಚಾಮರಾಜನಗರದವರೆಗೆ ಸುಮಾರು 2,500 ಕಿಲೋಮೀಟರ್ ಉದ್ದದ ಮಾನವ ಸರಪಳಿ ನಿಂತಿತು. ಇದನ್ನೆಲ್ಲ ಬರೀ ತೋರಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಸಮಾನತೆ, ಸಹೋದರತೆ ಎಂಬ ಮಾತುಗಳು ಮನೆಯಲ್ಲಿ ಕಿವಿಗೇ ಬೀಳದ ಮಗುವಿಗೆ ಪ್ರಾರ್ಥನೆಯ ಹೊತ್ತಿನ ಆ ಎರಡು ನಿಮಿಷವೂ ದೊಡ್ಡದೇ. ಆದರೆ ಓದಿದ್ದು ನಡವಳಿಕೆಯಾಗಿ ಬೇರೂರುವುದು ಹೇಗೆ? ಇದನ್ನು ಅಳೆದು ನೋಡಿದವರಿದ್ದಾರೆ.

ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ಕೆನೆತ್ ಲ್ಯಾಂಗ್ಟನ್ ಮತ್ತು ಕೆಂಟ್ ಜೆನ್ನಿಂಗ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿನ ಶಿಕ್ಷಣ ತಜ್ಞರನ್ನು ಪೇಚಿಗೆ ಸಿಲುಕಿಸಿತು. ಪ್ರೌಢಶಾಲೆಯಲ್ಲಿ ಪೌರನೀತಿ ಓದಿದವರಿಗೂ ಓದದವರಿಗೂ ರಾಜಕೀಯ ತಿಳಿವಳಿಕೆಯಲ್ಲಾಗಲಿ ಆಸಕ್ತಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಪ್ಪು ವಿದ್ಯಾರ್ಥಿಗಳಲ್ಲಿ ಮಾತ್ರ ಪಾಠದ ಪರಿಣಾಮ ಕಂಡಿತು. ಉಳಿದವರಿಗೆ ಗೊತ್ತಿದ್ದದ್ದನ್ನೇ ಮತ್ತೆ ಹೇಳಿದಂತಾಗಿದ್ದರೆ, ಇವರಿಗೆ ತರಗತಿಯಲ್ಲಿ ಸಿಕ್ಕಿದ್ದು ಹೊಸ ಸಂಗತಿ ಎಂಬುದು ಅವರು ಕೊಟ್ಟ ವಿವರಣೆ. ಮೂವತ್ತು ವರ್ಷಗಳ ಬಳಿಕ ರಿಚರ್ಡ್ ನೀಮಿ ಮತ್ತು ಜೇನ್ ಜನ್, 1988ರ ರಾಷ್ಟ್ರೀಯ ಪರೀಕ್ಷೆಯ ಅಂಕಿಅಂಶಗಳನ್ನು ಜಾಲಾಡಿ ಆ ನಿರಾಶೆಯನ್ನು ತುಸು ತಿದ್ದಿದರು. ಪಾಠದಿಂದ ಫಲವುಂಟು, ಅದರಲ್ಲೂ ದಿನನಿತ್ಯದ ವಿದ್ಯಮಾನಗಳನ್ನು ತರಗತಿಯಲ್ಲಿ ಚರ್ಚಿಸುವ ಕಡೆ ಉಂಟು ಎಂದರು. 1999ರಲ್ಲಿ 28 ದೇಶಗಳ ಸುಮಾರು 90,000 ಹದಿನಾಲ್ಕರ ಹರೆಯದವರನ್ನು ಒಳಗೊಂಡ ಅಂತರರಾಷ್ಟ್ರೀಯ ಸಮೀಕ್ಷೆಯೂ ಇದೇ ದಿಕ್ಕು ತೋರಿತು. ಅಭಿಪ್ರಾಯ ಹೇಳಲು ಅವಕಾಶವಿರುವ ತರಗತಿ, ನಿಜಕ್ಕೂ ಕೆಲಸ ಮಾಡುವ ವಿದ್ಯಾರ್ಥಿ ಸಭೆ ಇರುವ ಕಡೆ ಮಕ್ಕಳಿಗೆ ಹೆಚ್ಚು ಗೊತ್ತಿತ್ತು, ಮುಂದೆ ಮತ ಹಾಕುತ್ತೇವೆ ಎಂದವರೂ ಹೆಚ್ಚಿದ್ದರು. ಇದು ಎರಡು ಸಂಗತಿಗಳು ಜೊತೆಜೊತೆಗೆ ಇರುವುದನ್ನಷ್ಟೇ ತೋರಿಸುತ್ತದೆ, ಒಂದರಿಂದಲೇ ಇನ್ನೊಂದು ಆಯಿತು ಎಂದು ಸಾಧಿಸುವುದಿಲ್ಲ. ಆದರೂ ಇಷ್ಟು ದೇಶಗಳಲ್ಲಿ ಒಂದೇ ನಮೂನೆ ಕಂಡಾಗ ಕಾರಣ ಹುಡುಕಲೇಬೇಕಾಗುತ್ತದೆ.

ಸಂಶೋಧಕರು ಕೊಡುವ ಒಂದು ಕಾರಣ ಹೀಗಿದೆ. ನಾಗರಿಕನಾಗಲು ತಿಳಿವಳಿಕೆಯೊಂದೇ ಸಾಲದು, ‘ನಾನು ಬಾಯಿಬಿಟ್ಟರೆ ವ್ಯವಸ್ಥೆ ಓಗೊಡುತ್ತದೆ’ ಎಂಬ ನಂಬಿಕೆಯೂ ಬೇಕು. ಈ ನಂಬಿಕೆಯನ್ನು ಪಾಠ ಹೇಳಿ ತುಂಬಲಾಗದು. ಕೇಳಿದ್ದಕ್ಕೆ ಒಮ್ಮೆಯಾದರೂ ಉತ್ತರ ಸಿಕ್ಕಾಗ ಅದು ಹುಟ್ಟುತ್ತದೆ, ಮತ್ತೆ ಮತ್ತೆ ಕೇಳಿಯೂ ಸಿಗದಿದ್ದರೆ ಸಾಯುತ್ತದೆ. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಮೂಡಿದ ಇಂಥ ಧೋರಣೆಗಳು ವಯಸ್ಸಾದಂತೆ ಗಟ್ಟಿಯಾಗುತ್ತವೆ, ಬದಲಾಗುವುದು ಅಪರೂಪ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ, ಒಂದರ್ಥದಲ್ಲಿ ನಾವೇ ದಾರಿ ತೋರಿಸಿದವರು. 1990ರ ದಶಕದಲ್ಲೇ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಭೀಮಸಂಘದ ಬೆನ್ನಿಗೆ ಮಕ್ಕಳ ಪಂಚಾಯಿತಿಗಳು ಹುಟ್ಟಿಕೊಂಡವು. ಮುಂದೆ ಮಕ್ಕಳ ಗ್ರಾಮಸಭೆ ಸರ್ಕಾರಿ ಸುತ್ತೋಲೆಯ ಮೂಲಕ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಬಂತು. ನೋಡದವರಿಗಾಗಿ ಹೇಳುವುದಾದರೆ, ಅಂದು ಮೈಕು ಮಕ್ಕಳ ಕೈಯಲ್ಲಿರುತ್ತದೆ. ಅಧ್ಯಕ್ಷರು, ಪಿಡಿಒ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮುಖ್ಯ ಶಿಕ್ಷಕರು ಉತ್ತರ ಹೇಳುವ ಜಾಗದಲ್ಲಿ ಕೂತಿರುತ್ತಾರೆ. ಶಾಲೆಗೆ ಕಾಂಪೌಂಡ್ ಯಾವಾಗ, ಶೌಚಾಲಯಕ್ಕೆ ನೀರು ಯಾಕೆ ಬರುತ್ತಿಲ್ಲ, ಬಸ್ಸು ನಮ್ಮ ಸ್ಟಾಪಿನಲ್ಲಿ ಯಾಕೆ ನಿಲ್ಲಿಸುವುದಿಲ್ಲ ಎಂಬ ಪ್ರಶ್ನೆಗಳು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತವೆ. ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ, ಎಂದರೆ ಕಳೆದ ಸಲ ಕೇಳಿದ್ದರಲ್ಲಿ ಏನೇನು ಆಯಿತು ಎಂಬ ಲೆಕ್ಕ, ಒಪ್ಪಿಸಬೇಕು. ಎಷ್ಟೋ ಕಡೆ ಇದು ಹೂಗುಚ್ಛ, ಭಾಷಣ, ಬಿಸ್ಕತ್ತಿನಲ್ಲಿ ಮುಗಿದುಹೋಗುತ್ತದೆ, ನಿಜ. ಸರಿಯಾಗಿ ನಡೆದ ಕಡೆ ಮಾತ್ರ ಪೌರನೀತಿಗೆ ಇದಕ್ಕಿಂತ ಅಗ್ಗದ ಪ್ರಯೋಗಾಲಯ ಇನ್ನೊಂದಿಲ್ಲ.

ಸಮಸ್ಯೆ ಶುರುವಾಗುವುದು ಊರು ನಗರದ ತೆಕ್ಕೆಗೆ ಬಿದ್ದಾಗ. 2020ರಲ್ಲಿ ಮೈಸೂರಿನ ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆಯನ್ನೂ ಬೋಗಾದಿ, ರಮ್ಮನಹಳ್ಳಿ, ಶ್ರೀರಾಂಪುರ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ ರಚಿಸಲಾಯಿತು. ಇವೆಲ್ಲವನ್ನೂ ಒಳಗೊಂಡ ಬೃಹತ್ ಮೈಸೂರಿನ ಪ್ರಸ್ತಾವ ಅದರ ಮುಂದಿನ ಹೆಜ್ಜೆ. ರಸ್ತೆ, ಒಳಚರಂಡಿ, ಕಾವೇರಿ ನೀರು ಬರುತ್ತದೆ ಎಂದು ಜನ ಇದನ್ನು ಬಯಸುತ್ತಾರೆ, ಆ ಬಯಕೆಯಲ್ಲಿ ತಪ್ಪೇನಿಲ್ಲ. ಆದರೆ ಗ್ರಾಮ ಪಂಚಾಯಿತಿ ಹೋದಾಗ ಅದರ ಜೊತೆ ಗ್ರಾಮಸಭೆಯೂ ಮಕ್ಕಳ ಗ್ರಾಮಸಭೆಯೂ ಹೋಗುತ್ತವೆ. ಆ ಸುತ್ತೋಲೆ ಹೊರಟಿದ್ದು ಗ್ರಾಮೀಣಾಭಿವೃದ್ಧಿ ಇಲಾಖೆಯಿಂದ, ಪಟ್ಟಣ ಪಂಚಾಯಿತಿ ನಡೆಯುವುದು ಇನ್ನೊಂದು ಇಲಾಖೆಯಡಿ. ಮಹಾನಗರ ಪಾಲಿಕೆಗಳಿಗೆ ವಾರ್ಡ್ ಸಮಿತಿ, ಏರಿಯಾ ಸಭೆ ಎಂಬ ವ್ಯವಸ್ಥೆಯನ್ನು 2011ರ ತಿದ್ದುಪಡಿ ಕೊಟ್ಟಿದೆಯಾದರೂ ಅದು ಬಹುಮಟ್ಟಿಗೆ ಕಾಗದದ ಮೇಲೇ ಇದೆ.

ದೂರವನ್ನೂ ಲೆಕ್ಕ ಹಾಕೋಣ. ಕರ್ನಾಟಕದ ಕಾಯ್ದೆಯಂತೆ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಮೈಸೂರು ಪಾಲಿಕೆಯಲ್ಲಿ 65 ವಾರ್ಡುಗಳು, 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 8.9 ಲಕ್ಷ, ಎಂದರೆ ಸುಮಾರು 13,700 ಜನರಿಗೆ ಒಬ್ಬ. ಹಳ್ಳಿಯ ಮಗುವಿಗೆ ಪಂಚಾಯಿತಿ ಸದಸ್ಯೆ ಪಕ್ಕದ ಬೀದಿಯ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾಳೆ. ನಗರದ ಮಗು ಕಾರ್ಪೊರೇಟರನ್ನು ನೋಡುವುದು ಫ್ಲೆಕ್ಸಿನಲ್ಲಿ.

ಈಗ ಫ್ಲೆಕ್ಸಿನಲ್ಲೂ ಇಲ್ಲ. ಮೈಸೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಆ ಕೌನ್ಸಿಲಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, 2025 ಕಳೆದರೂ ಹೊಸ ಕೌನ್ಸಿಲ್ ಬರಲಿಲ್ಲ. ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ನಡೆದದ್ದೇ ಕೊನೆ, ಅವುಗಳ ಅವಧಿ ತೀರಿದ್ದು 2021ರಲ್ಲಿ. ಪ್ರತಿ ಸಲವೂ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂಬ ಕಾರಣಗಳು ಸಿದ್ಧವಿರುತ್ತವೆ. ಸಂವಿಧಾನದ 243-ಇ ಮತ್ತು 243-ಯು ವಿಧಿಗಳಾದರೋ ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ಪೂರೈಸಬೇಕು ಎನ್ನುತ್ತವೆ. ಇಂಥ ಕಾರಣಗಳಿಗೆ ಚುನಾವಣೆ ಮುಂದೂಡಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸ್ಪಷ್ಟವಾಗಿಯೇ ಹೇಳಿದೆ.

2025ರಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ಹುಡುಗಿಯನ್ನು ಊಹಿಸಿಕೊಳ್ಳಿ. ಹುಟ್ಟಿದ್ದು 2011ರ ಆಸುಪಾಸು. ಜಿಲ್ಲಾ ಪಂಚಾಯಿತಿಗೆ ಕೊನೆಯ ಸಲ ಮತದಾನ ನಡೆದಾಗ ಅವಳಿಗೆ ಐದು ವರ್ಷ, ಪಾಲಿಕೆಗೆ ನಡೆದಾಗ ಏಳು. ಸಂವಿಧಾನ, ಕೇಂದ್ರ ಮತ್ತು ರಾಜ್ಯ ಸರ್ಕಾರ, ನ್ಯಾಯಾಂಗ, ಚುನಾವಣೆ ಇವೆಲ್ಲ ರಾಜ್ಯ ಪಠ್ಯಕ್ರಮದಲ್ಲಿ ಒತ್ತಾಗಿ ಬರುವುದು ಒಂಬತ್ತನೇ ತರಗತಿಯಲ್ಲೇ. ಎಸ್ಸೆಸ್ಸೆಲ್ಸಿ ಪಬ್ಲಿಕ್ ಪರೀಕ್ಷೆ ಇರುವುದು ಹತ್ತನೆಯದಕ್ಕೆ. ಹತ್ತರ ಫಲಿತಾಂಶದ ಒತ್ತಡದಲ್ಲಿ ಒಂಬತ್ತರ ಸಮಾಜ ವಿಜ್ಞಾನಕ್ಕೆ ಎಷ್ಟು ಪೀರಿಯಡ್ ಉಳಿಯುತ್ತದೆ ಎಂಬುದನ್ನು ಶಿಕ್ಷಕರನ್ನೇ ಕೇಳಬೇಕು. ‘ಸ್ಥಳೀಯ ಸಂಸ್ಥೆಗಳ ಅಧಿಕಾರಾವಧಿ ಎಷ್ಟು?’ ಎಂಬ ಒಂದು ಅಂಕದ ಪ್ರಶ್ನೆಗೆ ಅವಳು ‘ಐದು ವರ್ಷ’ ಎಂದು ಬರೆಯುತ್ತಾಳೆ. ಅಂಕವೂ ಬರುತ್ತದೆ. ಹೊರಗೆ ಮಾತ್ರ ಕೌನ್ಸಿಲ್ ಹಾಲಿಗೆ ಬೀಗ, ಆಡಳಿತಾಧಿಕಾರಿಯ ಸಹಿ. ಪುಸ್ತಕದ್ದು ಪರೀಕ್ಷೆಗೆ, ನಿಜ ಬೇರೆಯೇ ಎಂಬ ತೀರ್ಮಾನಕ್ಕೆ ಅವಳು ಬಂದರೆ ಅದು ಅವಳ ದಡ್ಡತನವಲ್ಲ. ಕಣ್ಣೆದುರಿನ ಸಾಕ್ಷ್ಯದಿಂದ ತೆಗೆದ ಸರಿಯಾದ ನಿರ್ಣಯ.

2029ರಲ್ಲಿ ಅವಳಿಗೆ ಹದಿನೆಂಟು, ಅದು ಲೋಕಸಭಾ ಚುನಾವಣೆಯ ವರ್ಷ. ಮತದಾನ ಎಷ್ಟರ ಮಟ್ಟಿಗೆ ರೂಢಿಯ ಸಂಗತಿ ಎಂಬುದಕ್ಕೂ ಪ್ರಯೋಗದ ಆಧಾರವಿದೆ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1998ರಲ್ಲಿ ಸಾವಿರಾರು ಮತದಾರರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆಯ್ದು, ಮತ ಹಾಕಿ ಎಂದು ಪತ್ರ ಬರೆದು, ಮನೆಗೆ ಹೋಗಿ ಹೇಳಲಾಯಿತು. ಅವರಲ್ಲಿ ಆ ವರ್ಷ ಮತದಾನ ಹೆಚ್ಚಿತು. ಮರುವರ್ಷದ ಸ್ಥಳೀಯ ಚುನಾವಣೆಯಲ್ಲಿ ಅವರಿಗೆ ಯಾರೂ ಏನೂ ಹೇಳದಿದ್ದರೂ ಆ ಹೆಚ್ಚಳ ಸುಮಾರು ಅರ್ಧದಷ್ಟು ಉಳಿಯಿತು. ಒಮ್ಮೆ ಹಾಕಿದವರು ಮತ್ತೆ ಹಾಕುತ್ತಾರೆ. ಹಾಗಿದ್ದ ಮೇಲೆ ನಡೆಯದೆ ಹೋದ ಒಂದೊಂದು ಚುನಾವಣೆಯೂ ಹೊಸ ಮತದಾರರಿಗೆ ರೂಢಿ ತಪ್ಪಿಸಿದಂತೆಯೇ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದಲ್ಲಿ 18–19 ವಯಸ್ಸಿನವರ ಅಂದಾಜು ಸಂಖ್ಯೆಯಲ್ಲಿ ಶೇ 40ರಷ್ಟು ಮಂದಿಯೂ ಮತದಾರರ ಪಟ್ಟಿಗೆ ಸೇರಿರಲಿಲ್ಲ. ಅದೇ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಸುಮಾರು ಶೇ 53. ನಗರದ ಪಟ್ಟಿಗಳಲ್ಲಿ ಊರು ಬಿಟ್ಟವರ, ಎರಡೆರಡು ಕಡೆ ಇರುವವರ ಹೆಸರುಗಳಿರುವುದರಿಂದ ಈ ಅಂತರವನ್ನೆಲ್ಲ ಉದಾಸೀನದ ಖಾತೆಗೆ ಹಾಕಲಾಗದು. ಹಾಗೆಂದು ಅದನ್ನೆಲ್ಲ ಪಟ್ಟಿಯ ದೋಷ ಎನ್ನುವುದೂ ಕಷ್ಟ. ಮೈಸೂರಿನ ಅಂಚು ಮಂಡ್ಯದ ಕಡೆಗಲ್ಲ, ಬೆಂಗಳೂರಿನ ಕಡೆಗೆ ಜಾರುತ್ತಿದೆ ಎಂಬುದು ನನ್ನ ಆತಂಕ.

ಮೈಸೂರಿಗೆ ಇದು ಒಪ್ಪುವ ಮಾತೂ ಅಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಹೊತ್ತಿಗೆ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿದ್ದು ಇಲ್ಲಿಯೇ. ಅಧಿಕಾರ ಇದ್ದದ್ದು ಅಷ್ಟಕ್ಕಷ್ಟೇ, ಆದರೂ ಕುಂದುಕೊರತೆ ಹೇಳಿಕೊಳ್ಳುವ ಜಾಗವೊಂದಿತ್ತು. 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂಬ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ರಾಮಸ್ವಾಮಿ ಹದಿಹರೆಯದ ವಿದ್ಯಾರ್ಥಿ. ಅವನ ಹೆಸರಿನ ವೃತ್ತವನ್ನು ಸಿಟಿ ಬಸ್ಸುಗಳು ದಿನವೂ ಸುತ್ತುತ್ತವೆ.

ಇಳಿಜಾರನ್ನು ಹೊತ್ತಿಗೆ ಸರಿಯಾಗಿ ಗುರುತಿಸುವ ಅಳತೆಗೋಲೂ ನಮ್ಮಲ್ಲಿಲ್ಲ. ಅಮೆರಿಕ ತನ್ನ ಎಂಟನೇ ತರಗತಿಯ ಮಕ್ಕಳ ಪೌರನೀತಿ ಜ್ಞಾನವನ್ನು 1998ರಿಂದ ಒಂದೇ ಮಾನದಂಡದಲ್ಲಿ ಅಳೆಯುತ್ತಿದೆ. 300ಕ್ಕೆ ಸರಾಸರಿ ಆಗ 150 ಇತ್ತು, 2014ರಲ್ಲಿ 154ಕ್ಕೆ ಏರಿತು, 2022ರಲ್ಲಿ ಮತ್ತೆ 150ಕ್ಕೆ ಇಳಿಯಿತು. ನಿಪುಣರ ಮಟ್ಟ ಮುಟ್ಟಿದವರು ಶೇ 22 ಮಾತ್ರ. ಕೊರೊನಾ ಕಾಲದ ಪಾಲು ಇದರಲ್ಲಿ ಎಷ್ಟೆಂದು ಅವರು ವಾದಿಸಬಹುದು, ಏಕೆಂದರೆ ವಾದಿಸಲು ಅವರ ಬಳಿ ಸಂಖ್ಯೆಯಿದೆ. ನಮ್ಮಲ್ಲಿ ‘ಅಸರ್’ ವರದಿ ಮುಖ್ಯವಾಗಿ ಓದು, ಲೆಕ್ಕ ನೋಡುತ್ತದೆ. ಸರ್ಕಾರದ ಸಮೀಕ್ಷೆಗಳು ಪೌರನೀತಿಯನ್ನು ಸಮಾಜ ವಿಜ್ಞಾನದೊಳಗೆ ಸೇರಿಸಿ ನೋಡುತ್ತವೆ.

ಅಳತೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಕ್ಕಳ ಗ್ರಾಮಸಭೆಯನ್ನು ವಾರ್ಡಿಗೂ ಪಟ್ಟಣ ಪಂಚಾಯಿತಿಗೂ ತರಬಹುದು: ವರ್ಷಕ್ಕೊಂದು ದಿನ, ಶಾಲೆಯದೇ ಅಂಗಳ, ಮುಖ್ಯಾಧಿಕಾರಿ ಎದುರಿಗೆ, ಮುಂದಿನ ವರ್ಷಕ್ಕೆ ಅನುಪಾಲನಾ ವರದಿ ಕಡ್ಡಾಯ. ಆ ಸಭೆಯಲ್ಲಿ ಕೂತು ಬರೆದ ಎರಡು ಪುಟಕ್ಕೆ ಸಮಾಜ ವಿಜ್ಞಾನದ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ಕೊಡಬಹುದು. ಇದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಗ್ರಾಮ ಪಂಚಾಯಿತಿಗಳಿಗೆ ಕಳಿಸಿದಂಥದ್ದೇ ಒಂದು ಸುತ್ತೋಲೆ ಸಾಕು. ಪಾಲಿಕೆ ಚುನಾವಣೆಗಾದರೆ ಹೊಸ ಸುತ್ತೋಲೆಯೂ ಬೇಡ. 243-ಯು ವಿಧಿ 1993ರ ಜೂನ್ 1ರಿಂದಲೇ ಜಾರಿಯಲ್ಲಿದೆ.