ಹೊಳೆ ತುಂಬುವ ಮುಂಚೆ ಹರಿಗೋಲು ಸಜ್ಜು ಮಾಡುವುದು

ಅಫಜಲಪುರ ತಾಲೂಕಿನ ಹವಳಗಾ, ಸೊನ್ನ, ಘತ್ತರಗಿ ಸೀಮೆಯಲ್ಲಿ ಹೊಳೆ ಎಂದರೆ ಭೀಮಾ. ಯುಗಾದಿ ದಾಟಿತೆಂದರೆ ನೀರು ಇಳಿಯುತ್ತದೆ. ಮೀನು ಹಿಡಿಯುವವರ ಹರಿಗೋಲುಗಳಿಗೆ ದುರಸ್ತಿಯ ಕಾಲ ಅದೇ. ಮಳೆ ಬಂದ ಮೇಲೆ ನೋಡಿದರಾಯಿತು ಎಂದು ಬಿಡಬೇಡಿ. ಭೀಮಾ ತುಂಬಲು ನಮ್ಮೂರಲ್ಲೇ ಮಳೆಯಾಗಬೇಕಿಲ್ಲ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಅಣೆಕಟ್ಟೆಯ ಗೇಟು ತೆಗೆದರೂ ಸಾಕು.

ಹರಿಗೋಲು ಗೊತ್ತಿಲ್ಲದವರಿಗೆ ಎರಡು ಮಾತು. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದುಂಡು ದೋಣಿ ಇದು. ಹೊರಮೈಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇಂಥದ್ದನ್ನೇ ಕಂಡು ಬರೆದಿದ್ದಾನೆ. ಈಗ ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಚೀಲ ಇಲ್ಲವೇ ತಾಡಪತ್ರಿ, ಅದರ ಮೇಲೆ ಡಾಂಬರು.

ಇದಕ್ಕೆ ಹಾಯಿ ಯಾಕೆ ಕಟ್ಟುವುದಿಲ್ಲ ಎಂದು ಕೇಳುವವರಿದ್ದಾರೆ. ಹಾಯಿದೋಣಿಯ ಅಡಿಯಲ್ಲಿ ನೀರನ್ನು ಕೊಯ್ಯುವ ಏಣು ಇರುತ್ತದೆ. ಗಾಳಿ ಪಕ್ಕಕ್ಕೆ ತಳ್ಳಿದರೂ ಅದು ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ. ಹರಿಗೋಲಿನ ತಳ ಚಪ್ಪಟೆ. ಹಾಯಿ ಕಟ್ಟಿದರೆ ಸುತ್ತುತ್ತ ಗಾಳಿ ಕರೆದ ಕಡೆ ಹೋದೀತು. ಆದರೆ ಆ ಚಪ್ಪಟೆ ತಳದಿಂದಲೇ ಮೊಣಕಾಲುದ್ದ ನೀರಿನಲ್ಲೂ ಅದು ತೇಲುತ್ತದೆ. ಕಲ್ಲಿಗೆ ತಾಗಿದರೆ ಬಾಗುತ್ತದೆ, ಒಡೆಯುವುದಿಲ್ಲ.

ಈಗ ಕೆಲಸ. ಬಹಳ ಜನ ನೇರ ಡಾಂಬರಿಗೆ ಕೈ ಹಾಕುತ್ತಾರೆ. ನನ್ನ ಕೇಳಿದರೆ ಡಾಂಬರು ಕೊನೆಯ ಕೆಲಸ. ಮೊದಲು ಹರಿಗೋಲನ್ನು ಬೋರಲು ಹಾಕಿ, ಕೆಸರು ಪಾಚಿ ತೊಳೆದು, ಪೂರ್ತಿ ಒಣಗಲು ಬಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬರು ಅದರ ಅಡಿಗೆ ನುಸುಳಿ ಮೇಲೆ ನೋಡಲಿ. ತೂತು ಇದ್ದಲ್ಲೆಲ್ಲ ಬೆಳಕಿನ ಚುಕ್ಕಿ ಕಾಣುತ್ತದೆ. ಒಳಗಿನವರು ಕಡ್ಡಿಯಿಂದ ತಟ್ಟಿ ತೋರಿಸಲಿ, ಹೊರಗಿನವರು ಸೀಮೆಸುಣ್ಣದಿಂದ ಗುರುತು ಹಾಕಲಿ.

ಆಮೇಲೆ ಬಿದಿರು ನೋಡಿ. ಒಂದೊಂದೇ ಸೀಳನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಬಿದಿರು ಬಾಗಿ ಮತ್ತೆ ಎದ್ದು ಬರುತ್ತದೆ. ಹುಳು ತಿಂದದ್ದು ಚಟ್ಟನೆ ಮುರಿಯುತ್ತದೆ, ಹಿಟ್ಟಿನಂಥ ಪುಡಿ ಉದುರುತ್ತದೆ. ಅಂಥದ್ದನ್ನು ಮುಲಾಜಿಲ್ಲದೆ ತೆಗೆದು ಹೊಸ ಸೀಳು ಸೇರಿಸಿ. ಹೊಸದನ್ನು ನೀರಲ್ಲಿ ನೆನೆಸಿದರೆ ಸುಲಭವಾಗಿ ಬಾಗುತ್ತದೆ. ಬಾಯಿಯ ಸುತ್ತಿನ ಕಟ್ಟು ಸಡಿಲವಾಗಿದ್ದರೆ ಬಿಗಿಯಿರಿ, ಇಡೀ ಹೆಣಿಗೆಯನ್ನು ಹಿಡಿದಿರುವುದು ಅದೇ.

ಬಿರುಕು ಬಿಟ್ಟ ಹಳೆ ಡಾಂಬರನ್ನು ಕೆರೆದು ತೆಗೆಯಿರಿ. ಹಳೆಯದರ ಮೇಲೆ ಬಳಿದರೆ ಏನಾಗುತ್ತದೆ? ಲೆಕ್ಕ ನೋಡಿ. 2 ಮೀಟರ್ ಅಗಲದ ಹರಿಗೋಲಿನ ಹೊರಮೈ ಸುಮಾರು 5 ಚದರ ಮೀಟರ್. ಅದರ ಮೇಲೆ 1 ಮಿಲಿಮೀಟರ್ ದಪ್ಪ ಬಳಿದರೆ ಸುಮಾರು 5 ಕಿಲೋ ಡಾಂಬರು. ವರ್ಷವರ್ಷ ಎರಡು ಮಿಲಿಮೀಟರ್ ಏರಿಸುತ್ತ ಹೋದರೆ ಐದು ವರ್ಷಕ್ಕೆ ಅರ್ಧ ಕ್ವಿಂಟಲ್. ತಲೆ ಮೇಲೆ ಹೊತ್ತು ತರುವ ದೋಣಿಯನ್ನು ನಾಲ್ಕು ಜನ ಎಳೆಯಬೇಕಾಗುತ್ತದೆ.

ತೂತಿಗೆ ತೇಪೆ ಹಾಕುವಾಗ ಬಟ್ಟೆ ತೂತಿಗಿಂತ ನಾಲ್ಕು ಬೆರಳು ದೊಡ್ಡದಿರಲಿ. ಕೆಳಗೆ ಡಾಂಬರು, ಮೇಲೆ ಬಟ್ಟೆ, ಅದರ ಮೇಲೆ ಮತ್ತೆ ಡಾಂಬರು. ಮೈ ಹಸಿಯಿದ್ದರೆ ಅಂಟುವುದಿಲ್ಲ.

ಡಾಂಬರು ಕಾಯಿಸುವಾಗ ಎಚ್ಚರ. ಮನೆಯಿಂದ ದೂರ, ಬಯಲಿನಲ್ಲಿ, ಸಣ್ಣ ಉರಿಯಲ್ಲಿ ಕಾಯಿಸಿ. ಡಬ್ಬಿಯಲ್ಲಿ ಒಂದು ಹನಿ ನೀರೂ ಇರಬಾರದು. ನೀರು ಒಮ್ಮೆಲೇ ಆವಿಯಾಗಿ ಡಾಂಬರು ನೊರೆಯೆದ್ದು ಉಕ್ಕುತ್ತದೆ. ಬೆಂಕಿ ಹತ್ತಿದರೆ ಮರಳು ಹಾಕಿ, ನೀರು ಸುರಿಯಬೇಡಿ. ಉರಿಯ ಮೇಲಿದ್ದಾಗ ಸೀಮೆಎಣ್ಣೆ ಬೆರೆಸುವ ಸಾಹಸ ಬೇಡ. ಕೈಗೆ ಸಿಡಿದರೆ ತಣ್ಣೀರಿನಲ್ಲಿ ಹಿಡಿಯಿರಿ. ಅಂಟಿದ್ದನ್ನು ಕೀಳಬೇಡಿ, ಚರ್ಮವೂ ಕಿತ್ತು ಬರುತ್ತದೆ. ದವಾಖಾನೆಗೆ ಹೋಗಿ.

ಯಾವ ಡಾಂಬರು? ರಸ್ತೆಗೆ ಹಾಕುವ ವಿಜಿ-30 ಎಂಬುದು 47 ಡಿಗ್ರಿ ದಾಟಿದ ಮೇಲೆ ಮೆತ್ತಗಾಗತೊಡಗಬಹುದು. ನಮ್ಮ ಕಲಬುರಗಿ ಬಿಸಿಲಿನಲ್ಲಿ ಕರೀ ಮೈ ಅಷ್ಟು ಕಾಯುವುದು ದೊಡ್ಡ ಮಾತಲ್ಲ. ಛಾವಣಿಗೆ ಬಳಿಯುವ 85/25 ಎಂಬ ಗಟ್ಟಿ ಡಾಂಬರು ಸುಮಾರು 85 ಡಿಗ್ರಿಯವರೆಗೆ ಹರಿಯುವುದಿಲ್ಲ, ಆದರೆ ಬಾಗುವ ಮೈ ಮೇಲೆ ಬೇಗ ಬಿರುಕು ಬಿಡುತ್ತದೆ. ಹರಿಗೋಲು ಬಾಗಲೇಬೇಕು. ಹಾಗಾಗಿ ನಾನು ಮೆತ್ತಗಿನದ್ದನ್ನೇ ಹೇಳುತ್ತೇನೆ, ಬಳಿದ ಮೇಲೆ ನೆರಳಿನಲ್ಲಿಡಿ.

ಒಣಗಿದ ಮೇಲೆ ಹಗ್ಗ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಬಿಟ್ಟು, ಒಳಗೆ ಕಲ್ಲು ಹೇರಿ ಅರ್ಧ ತಾಸು ನೋಡಿ. ಎಷ್ಟು ಭಾರ ತಡೆದೀತು? 2 ಮೀಟರ್ ಅಗಲದ ತಳಕ್ಕೆ ಸುಮಾರು 30 ಕಿಲೋ ಹೇರಿದರೆ ಒಂದು ಸೆಂಟಿಮೀಟರ್ ಮುಳುಗುತ್ತದೆ. ನಾಲ್ಕು ಜನ ಕೂತರೆ ಎಂಟು ಸೆಂಟಿಮೀಟರ್ ಅಷ್ಟೇ. ಹಾಗಂತ ಹತ್ತು ಜನರನ್ನು ತುಂಬಬೇಡಿ. ದೋಣಿ ಮಗುಚುವುದು ಎಲ್ಲರೂ ಒಂದೇ ಕಡೆ ವಾಲಿದಾಗ. ಹುಟ್ಟು, ನೀರು ಎತ್ತಲು ಒಂದು ಮಗ್ಗು, ತಲೆಗೊಂದು ಲೈಫ್ ಜಾಕೆಟ್, ಅಂದರೆ ತೇಲಿಸುವ ಅಂಗಿ, ಇವು ಇಲ್ಲದೆ ಹೊಳೆಗಿಳಿಯಬೇಡಿ.

ಖರ್ಚಿನ ಮಾತಿಗೆ ಬಂದರೆ, ತೇಪೆಯಷ್ಟೇ ಆದರೆ ಕೆಲವು ಕಿಲೋ ಡಾಂಬರು, ಹಳೆ ಬಟ್ಟೆ, ನಿಮ್ಮ ಒಂದೆರಡು ದಿನ. ಬಿದಿರು ಬದಲಿಸಬೇಕಾದರೆ ಹೆಣೆಯುವವರ ಕೂಲಿಯೇ ಹೆಚ್ಚು. ಬಿದಿರು ಕಟ್ಟಿಗೆ ಅಡ್ಡೆಯಲ್ಲಿ ಸಿಗುತ್ತದೆ. ಸೀಳಿ ಹೆಣೆಯಲು ಮೇದಾರರಿಗಿಂತ ಬಲ್ಲವರಿಲ್ಲ.

ಕಾಗದಪತ್ರ ಬೇಕೇ? 2021ರ ಒಳನಾಡು ಹಡಗುಗಳ ಕಾಯಿದೆಯಲ್ಲಿ ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಮಟ್ಟದಲ್ಲೇ ನೋಂದಾಯಿಸಲು ಅವಕಾಶವಿದೆ. ಪಂಚಾಯಿತಿಯಲ್ಲಿ ಕೇಳಿ ನೋಡಿ. ತೀರಾ ಹಳತಾದ ಹರಿಗೋಲಿದ್ದರೆ ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಫೈಬರ್ ಹರಿಗೋಲಿಗೆ ಈ ವರ್ಷ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸಿ. ಅದು ಹಗುರ, ಹುಳು ಹಿಡಿಯುವುದಿಲ್ಲ. ಆದರೆ ಅದು ಒಡೆದರೆ ಡಾಂಬರು ನಡೆಯುವುದಿಲ್ಲ. ರೆಸಿನ್ ಎಂಬ ಅಂಟುದ್ರವ ಮತ್ತು ಗಾಜಿನ ನೂಲಿನ ಹಾಳೆ ಬೇಕಾಗುತ್ತದೆ. ತರುವ ದಿನವೇ ಎಲ್ಲಿ ಸಿಗುತ್ತವೆ ಎಂದು ಕೇಳಿಟ್ಟುಕೊಳ್ಳಿ.